ಕಾಸೀಮಸಾಬನ ಎಡಗೈ

ರಾಣೆಬೆನ್ನೂರಿನಲ್ಲಿ ಯಾರ ಮನೆಯ ಕೊಡವಾದರೂ ಬಾವಿಗೆ ಬಿತ್ತೆನ್ನಿ, ಮೊದಲು ಪಾತಾಳಗರಡಿ ಹುಡುಕುತ್ತಿದ್ದರು. ಹತ್ತಾರು ಕೊಂಡಿಗಳ ಆ ಕಬ್ಬಿಣದ ಜೊಂಪೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಹಗ್ಗ ಹಿಡಿದವನ ಸೊಂಟ ಬಿದ್ದುಹೋಗುವತನಕ ತಳವನ್ನೆಲ್ಲ ಜಾಲಾಡುತ್ತಿದ್ದರು. ಕೊಡ ಸಿಗದೆ ಹೋದಾಗ ಒಬ್ಬರಲ್ಲ ಒಬ್ಬರು ಅಂದೇ ಅನ್ನುತ್ತಿದ್ದರು: "ಏ, ಈ ಕಬ್ಬಣದ ಕೂಡ ಏನ್ ಗುದ್ದಾಡತೀರೋ, ಹೋಗಿ ಕಾಸೀಮಸಾಬನ್ನ ಕರೀರಿ."

ಕಾಸೀಮಸಾಬ ಅಂದರೆ ಗಾದಿ ಕಾಸೀಮಸಾಬ. ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಮೂರು ತಲೆಮಾರಿನಿಂದ ಹತ್ತಿ ಬಡಿದು ಗಾದಿ ಹೊಲಿಯುವ ಕಸುಬು. ಎಡಗೈಯಲ್ಲಿ ಆಳುದ್ದದ ಬಿಲ್ಲು, ಬಲಗೈಯಲ್ಲಿ ಕಟ್ಟಿಗೆಯ ಕೊಡತಿ. ಬಿಲ್ಲಿನ ನರವನ್ನು ಕೊಡತಿಯಿಂದ ಮೀಟಿದರೆ ಹತ್ತಿ ಹಾರಿ ಹಾರಿ ಬೀಳಬೇಕು. ಬೆಳಗಿನಿಂದ ಸಂಜೆಯತನಕ ಹೀಗೆ ಬಡಿದವನ ಹೆಗಲು ಹೇಗಿರಬೇಡ? ಸಿಂಪಿಗರು ಅವನ ಅಂಗಿಯ ಅಳತೆ ತೆಗೆಯುವಾಗ ಟೇಪನ್ನು ಎರಡೆರಡು ಸಲ ನೋಡುತ್ತಿದ್ದರು.

ಬಾವಿಗೆ ಇಳಿಯುವುದು ಅವನ ಕಸುಬಲ್ಲ, ಚಟ ಅನ್ನಿ, ಧರ್ಮ ಅನ್ನಿ. ಕರೆದರೆ ಸಾಕು, ಕೊಡತಿ ಅಲ್ಲೇ ಒಗೆದು ಹೊರಟ. ಎಂಬತ್ತರ ದಶಕದಲ್ಲಿ ಅವನು ಬಾವಿಗಳಿಂದ ತೆಗೆದದ್ದು ಒಂದೇ ಎರಡೇ! ಕೊಡ, ತಂಬಿಗೆಗಳಿಗೆ ಲೆಕ್ಕವಿಲ್ಲ. ಮದುಮಗಳ ಬೆಳ್ಳಿ ಡಾಬು, ಭಜನಾ ಮಂಡಳಿಯ ಹಾರ್ಮೋನಿಯಂ, ಗಂಡನ ಮೇಲಿನ ಸಿಟ್ಟಿಗೆ ಒಬ್ಬ ಮಹಾತಾಯಿ ಎಸೆದಿದ್ದ ರೇಡಿಯೋ. ಆ ರೇಡಿಯೋ ಮೂರು ದಿನ ಬಿಸಿಲಲ್ಲಿ ಒಣಗಿ ಮತ್ತೆ ಹಾಡಿತು ಅಂತ ಕಾಸೀಮಸಾಬ ಹೇಳುತ್ತಿದ್ದ. ನಂಬುವವರು ನಂಬಲಿ. ಇವುಗಳ ಜೊತೆಗೆ ಹನ್ನೊಂದು ಮಕ್ಕಳು. ಹನ್ನೊಂದೂ ಜೀವಂತ. ಇದನ್ನು ಮಾತ್ರ ಅವನು ಹೇಳಿಕೊಳ್ಳುತ್ತಿರಲಿಲ್ಲ, ಊರವರು ಹೇಳುತ್ತಿದ್ದರು.

ಅವನು ತರುವ ರೀತಿಯೇ ಬೇರೆ. ಎಡಗೈ ಕೊಡದ ಕಂಠವನ್ನೋ ಕೂಸಿನ ಜುಟ್ಟನ್ನೋ ಹಿಡಿದು ಹಿಂದೆ ಉಳಿಯಬೇಕು, ಬಲಗೈ ಮುಂದೆ ಚಾಚಿ ಬಾವಿಯ ಕಲ್ಲು ಹಿಡಿಯಬೇಕು. "ಎಡಗೈ ಹಿಡದದ್ದನ್ನ ದಂಡಿ ಮುಟ್ಟೂತನಕ ಬಿಡಬಾರದು," ಅಂತ ಅವನಪ್ಪ ರಹಿಮಾನಸಾಬ ಕಲಿಸಿದ್ದ. ಮಗ ಆ ಮಾತನ್ನು ಮೂವತ್ತು ವರ್ಷ ಚಾಚೂ ತಪ್ಪದೆ ನಡೆಸಿದ. ಮುಂದಿನ ರಾಮಾಯಣಕ್ಕೆಲ್ಲ ಇದೇ ಮೂಲ.

ಇನ್ನು ಅವನ ಈಜು. ಅವನು ಕಲಿತದ್ದು ಹಲಗೇರಿಯಲ್ಲಿ, ಅವ್ವನ ತವರಿನ ತೋಟದ ಬಾವಿಯಲ್ಲಿ. ಆ ಬಾವಿಯ ತುಂಬ ಅಂತರಗಂಗೆ. ಎಲ್ಲರ ಹಾಗೆ ಒಂದೊಂದೇ ಕೈ ಹಾಕಿ ಈಜಿದರೆ ಬಳ್ಳಿ ತೋಳಿಗೆ ಸುತ್ತಿಕೊಳ್ಳುತ್ತಿತ್ತು. ಅದಕ್ಕೆ ಎರಡೂ ತೋಳನ್ನು ಒಮ್ಮೆಲೇ ನೀರಿನ ಮೇಲಿಂದ ಬೀಸಿ, ಬಳ್ಳಿಯನ್ನು ಇಬ್ಬದಿಗೆ ದಬ್ಬಿ, ಎದೆ ಎತ್ತಿ ಮುಂದೆ ಜಿಗಿಯಬೇಕು. ಕಾಲಿಗೋ, ಮೊಣಕಾಲಿಗೆ ಬಿಗಿದ ಲುಂಗಿ. ಅಗಲಿಸುವ ಮಾತೇ ಇಲ್ಲ. ಎರಡೂ ಕಾಲು ಕೂಡಿಸಿ ಮೀನಿನ ಬಾಲದಂತೆ ಒದೆಯುವುದು. ಹಲಗೇರಿಯವರು ಅದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ. "ಕಾಸೀಮನ ಬಡತ" ಅನ್ನುತ್ತಿದ್ದರು, ಅಷ್ಟೆ.

ತೊಂಬತ್ತರ ದಶಕ ಬಂತು. ಓಣಿಗೊಂದು ಬೋರು, ಮನೆಗೊಂದು ನಳ. ಬಾವಿಗಳಿಗೆ ಕಲ್ಲುಚಪ್ಪಡಿ ಮುಚ್ಚಿದರು. ಪಾತಾಳಗರಡಿ ತುಕ್ಕು ಹಿಡಿಯಿತು. ಕಾಸೀಮಸಾಬನಿಗೆ ಐವತ್ತು ತುಂಬಿ, ಗಡ್ಡ ಹತ್ತಿಯ ಬಣ್ಣಕ್ಕೆ ತಿರುಗಿತು. ಕರೆಯುವವರಿಲ್ಲದೆ ಮೈ ಜಡ್ಡುಗಟ್ಟಿತು. "ನೀರಿಗೆ ಬೀಳೋರ ಇಲ್ಲ ಬಿಡ ಈ ಊರಾಗ," ಅಂತ ಒಮ್ಮೆ ಬೇಸರಪಟ್ಟದ್ದಕ್ಕೆ ಹೆಂಡತಿ ಗುಲಾಬಬಿ, "ಅಲ್ಲಾ! ಇದೇನ್ ಮಾತ್ರಿ? ಮಂದಿ ಬೀಳಲಿ ಅಂತ ಕಾಯಾಕತ್ತೀರೇನು?" ಅಂತ ಚೆನ್ನಾಗಿ ಉಗಿದಿದ್ದಳು.

ಹೀಗಿರುವಾಗ ಕುಮಾರಪಟ್ಟಣದಿಂದ ಗಾದಿಯ ಆರ್ಡರು ಬಂತು. ಕಾರ್ಖಾನೆಯ ಕಾಲನಿಯ ಅತಿಥಿಗೃಹಕ್ಕೆ ಇಪ್ಪತ್ತು ಗಾದಿ. ಗಾಡಿಯಲ್ಲಿ ಹೇರಿಕೊಂಡು ಹೋದದ್ದು ಸರಿಯಾಗಿ ಜನವರಿ ಇಪ್ಪತ್ತಾರಕ್ಕೆ. ಧ್ವಜ ಹಾರಿಸಿ, ಲಾಡು ಹಂಚಿ, ಕ್ಲಬ್ಬಿನ ಈಜುಕೊಳದಲ್ಲಿ ಸ್ಪರ್ಧೆ ಇಟ್ಟಿದ್ದರು. ಸುತ್ತಲಿನ ಊರುಗಳಿಂದ ಯಾರು ಬೇಕಾದರೂ ಸೇರಬಹುದು. ಕಾಸೀಮಸಾಬ ಲಾಡು ತಿನ್ನುತ್ತ ದಂಡೆಯಲ್ಲಿ ನಿಂತು ನೋಡಿದ. ತಳ ಕಾಣುವ ನೀಲಿ ನೀರು. ಅದರಲ್ಲಿ ಮೂರು ಜನ ಹಿರಿಯರು ಎರಡೂ ಕೈ ಬೀಸಿ ಅಭ್ಯಾಸ ಮಾಡುತ್ತಿದ್ದಾರೆ.

"ಅರೇ! ಇದ ನನ್ನ ಬಡತಲ್ಲ!" ಅಂತ ಅವನ ಬಾಯಿಂದ ಜೋರಾಗಿಯೇ ಬಂತು.

"ಇದಕ್ಕ ಬಟರ್‌ಫ್ಲೈ ಅಂತಾರ ಸಾಹೇಬ್ರ, ಪಾತರಗಿತ್ತಿ ಈಜು," ಅಂದರು ಪಕ್ಕದಲ್ಲಿ ಟವೆಲು ಹೊದ್ದು ನಿಂತಿದ್ದವರು. "ಐವತ್ತು ದಾಟಿದವ್ರದು ಈಗ ಅದ. ಬರತೈತೇನು? ಹಂಗಿದ್ರ ಇಳೀರಲ್ಲ."

ಹಾಗೆ ಹೇಳಿದವರು ಹಾವೇರಿಯ ವಕೀಲ ಶ್ರೀನಿವಾಸರಾವ್. ಬಟರ್‌ಫ್ಲೈಯನ್ನು ಪುಸ್ತಕ ನೋಡಿ ಕಲಿತವರು. ಮನೆಯಲ್ಲಿ ಊಟದ ಬೆಂಚಿನ ಮೇಲೆ ಬೋರಲಾಗಿ ಮಲಗಿ, ಗಾಳಿಯಲ್ಲಿ ಕೈ ಬೀಸಿ ಬೀಸಿ ಅಭ್ಯಾಸ ಮಾಡಿದ ಪುಣ್ಯಾತ್ಮರು. ಅವರೇ ತಮ್ಮ ಇನ್ನೊಂದು ಚಡ್ಡಿಯನ್ನು ಕಾಸೀಮಸಾಬನಿಗೆ ಎರವಲು ಕೊಟ್ಟರು.

ಸೀಟಿ ಊದಿತು. ಕಾಸೀಮಸಾಬ ಬಾವಿಗೆ ಹಾರುವವನಂತೆ ಕಾಲು ಮುಂದಾಗಿ ಧುಡುಂ ಎಂದು ಬಿದ್ದ. ದಂಡೆಯಲ್ಲಿದ್ದ ಆಫೀಸರುಗಳ ಪ್ಯಾಂಟೆಲ್ಲ ತೊಯ್ದವು. ಎದ್ದವನು ಎರಡೂ ತೋಳು ಬೀಸಿದ್ದೇ ಬೀಸಿದ್ದು. ತೋಳಿಗೆ ತೊಡಕಲು ಇಲ್ಲಿ ಅಂತರಗಂಗೆಯೂ ಇಲ್ಲ! ಉಳಿದವರು ಇನ್ನೂ ಅರ್ಧ ದಾರಿಯಲ್ಲಿರುವಾಗ ಇವನು ಆಚೆ ಗೋಡೆ ಮುಟ್ಟಿ ಗಡ್ಡದ ನೀರು ಹಿಂಡುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ತೀರ್ಪುಗಾರ ಮಾತ್ರ ತಲೆ ಅಲ್ಲಾಡಿಸಿದ.

"ಎರಡೂ ಕೈಯಿಂದ ಒಟ್ಟಿಗೆ ಗೋಡೆ ಮುಟ್ಟಬೇಕು. ನೀವು ಒಂದೇ ಕೈಯಲ್ಲಿ ಮುಟ್ಟಿದ್ದೀರಿ. ಇನ್ನೊಂದು ಕೈ ಎಲ್ಲಿತ್ತು?"

"ಅದ ಹಿಂದಿತ್ತರಿ."

"ಹಿಂದೆ ಏನು ಮಾಡ್ತಿತ್ತು?"

ಕಾಸೀಮಸಾಬ ತನ್ನ ಎಡಗೈ ನೋಡಿಕೊಂಡ. ಮುಷ್ಟಿ ಬಿಗಿದೇ ಇತ್ತು. ಇಲ್ಲದ ಕೊಡವನ್ನು ಇನ್ನೂ ಹಿಡಿದುಕೊಂಡಿತ್ತು. ಸುಮ್ಮನೆ ನಕ್ಕ. ಫಲಿತಾಂಶದ ಹಲಗೆಯ ಮೇಲೆ ಎಲ್ಲರ ಹೆಸರಿನ ಮುಂದೆ ಸೆಕೆಂಡು ಬರೆದರು, ಅವನ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳೆದರು. ಬಹುಮಾನದ ಕಪ್ಪು ಎರಡನೆಯವರಾಗಿ ಬಂದ ಶ್ರೀನಿವಾಸರಾಯರಿಗೆ ಹೋಯಿತು.

ಮುಂದಿನ ರವಿವಾರ ವಕೀಲರು ಬಸ್ಸು ಹತ್ತಿ ರಾಣೆಬೆನ್ನೂರಿಗೆ ಬಂದರು. ಕೈಚೀಲದಲ್ಲಿ ಕಪ್ಪು. ಹತ್ತಿಯ ಗುಡ್ಡೆಯ ಪಕ್ಕದಲ್ಲಿ ಕೂತು ಅದನ್ನು ಮುಂದಿಟ್ಟರು.

"ತೊಗೋರಿ ಕಾಸೀಮಸಾಬ. ಇದು ನಿಮ್ಮದು. ಇದನ್ನ ಕಪಾಟಿನೊಳಗ ಇಟ್ರ ನನ್ನ ಕಡೆ ನೋಡಿ ನಗಲಿಕ್ಕತ್ತದ. ನಮ್ಮ ಅನಸೂಯಾ ಅದನ್ನ ಗ್ವಾಡಿ ಕಡೆ ಮುಖ ಮಾಡಿ ಇಟ್ಟಾಳ."

"ಛೇ ಛೇ! ಪಂಚರು ನಿಮಗ ಕೊಟ್ಟಾರರಿ. ಅವರ ಮಾತ ಮೀರಿ ನಾ ಇಸ್ಕೊಳ್ಳಾಂವಲ್ಲ."

"ಹಂಗಾದ್ರ ಗೆದ್ದು ಇಸ್ಕೋರಿ. ನಾ ಕಾಯ್ದೆ ಕಲಸ್ತೀನಿ, ನೀವು ನನಗ ಆ ತೋಳು ಬೀಸೋದು ಕಲಸ್ರಿ."

ಹೀಗೆ ಸೋತವನೂ ಗೆದ್ದವರೂ ದೋಸ್ತರಾದರು. ರವಿವಾರ ರವಿವಾರ ಕುಮಾರಪಟ್ಟಣದ ಕೊಳದಲ್ಲಿ ಇಬ್ಬರದೂ ಅಭ್ಯಾಸ. ತಲೆ ಮುಂದಾಗಿ ಹಾರುವುದನ್ನು ಕಾಸೀಮಸಾಬ ಹದಿನೈದೇ ದಿನದಲ್ಲಿ ಕಲಿತ. ಉಸಿರು, ಒದೆತ ಎಲ್ಲವನ್ನೂ ಕಲಿತ. ಗೋಡೆ ಮುಟ್ಟುವುದೊಂದು ಮಾತ್ರ ಬರಲೊಲ್ಲದು. ನೀರಿನ ನಡುವೆ ಎರಡೂ ಕೈ ಒಂದೇ ಜೀವ. ಗೋಡೆ ಹತ್ತಿರ ಬಂದಿತೋ, ಬೇರೆ ಬೇರೆ ಸಂಸಾರ! ಬಲಗೈ ಮುಂದೆ, ಎಡಗೈ ಹಿಂದೆ ಮುಷ್ಟಿ ಕಟ್ಟಿಕೊಂಡು. ವಕೀಲರು ದಂಡೆಯ ಮೇಲೆ ನಿಂತು "ಎರಡೂ ಕೈ! ಎರಡೂ ಕೈ!" ಅಂತ ಗಂಟಲು ಹರಿದುಕೊಂಡರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ.

ಮರುವರ್ಷ ಹುಬ್ಬಳ್ಳಿಯಲ್ಲಿ ಹಿರಿಯರ ಸ್ಪರ್ಧೆ. ಅಲ್ಲೂ ಅವನೇ ಮೊದಲು. ಅಲ್ಲೂ ಒಂದೇ ಕೈ. ಅಲ್ಲೂ ಗೆರೆ.

ಸುದ್ದಿ ರಾಣೆಬೆನ್ನೂರಿಗೆ ಅವನಿಗಿಂತ ಮೊದಲೇ ಬಂದಿತ್ತು. ಸಂತೆಯಲ್ಲಿ ಮಂದಿ ಬಿಟ್ಟಾರೆಯೇ? "ಏನ್ ಗೆರಿ ಕಾಸೀಮಸಾಬ್ರ, ಗಾದೀನೂ ಒಂದ ಕೈಲೆ ಹೊಲಿಯಾಕತ್ತೀರೇನು?" ಅಂದ ಎದುರಿನ ಚಹಾದಂಗಡಿಯ ಫಕ್ಕೀರಸಾಬ. ಕಾಸೀಮಸಾಬ ಎಲ್ಲರ ಜೊತೆ ತಾನೂ ನಕ್ಕ. ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ.

"ಕಪ್ಪ ಹೋಗಲಿ, ಹಾಳಾಗಿ ಹೋಗಲಿ," ಅಂದ ಗುಲಾಬಬಿಗೆ. "ಆ ಗೆರಿ ಮಾತ್ರ ನನಗ ತಡಕೊಳ್ಳಾಕಾಗವಲ್ದು ನೋಡ. ಅಪ್ಪ ಸತ್ತಾಗ ಓಟಿನ ಪಟ್ಟ್ಯಾಗ ಅವನ ಹೆಸರಿಗೆ ಗೆರಿ ಎಳದ್ರು. ನಾ ಕಣ್ಣಾರೆ ನೋಡೇನಿ. ಸತ್ತವರ ಹೆಸರಿಗೆ ಗೆರಿ ಎಳೀತಾರ. ನಾ ಇನ್ನ ಜೀವಂತ ಅದೇನಿ. ನನ್ನ ಹೆಸರಿನ ಮುಂದ ಒಂದ ಅಂಕಿ ಬರೀರಿ. ನೂರನೇದವ ಅಂತ ಬರೀರಿ, ನಾ ಬ್ಯಾಡ ಅನ್ನೂದಿಲ್ಲ."

ಗುಲಾಬಬಿ ತುಂಬ ಮಾತಿನವಳು. ಅವತ್ತು ರೊಟ್ಟಿಯ ತಾಟು ಮುಚ್ಚಿಟ್ಟು, ಅವನ ಎಡಗೈಯನ್ನೇ ನೋಡುತ್ತ ಕೂತಳು.

ಅದೇ ವರ್ಷ ವಕೀಲರು ಒಂದು ಅರ್ಜಿ ಹಿಡಿದುಕೊಂಡು ಬಂದರು. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಹಿರಿಯರ ಈಜು ಚಾಂಪಿಯನ್‌ಶಿಪ್. ಜಪಾನು, ಲಂಕೆ, ಮಲೇಶಿಯಾ, ಎಲ್ಲೆಲ್ಲಿಂದಲೋ ಬರುತ್ತಾರೆ. ವಯಸ್ಸಾಗಿದ್ದರೆ ಸಾಕು, ಯಾರೂ ಸೇರಬಹುದು. ಪುರುಷರ ಐವತ್ತು ಮೀಟರ್ ಬಟರ್‌ಫ್ಲೈ, ಐವತ್ತರಿಂದ ಐವತ್ತನಾಲ್ಕರ ವಯಸ್ಸಿನವರದು. ಉದ್ದನೆಯ ಕೊಳ, ತಿರುಗುವುದಿಲ್ಲ. ಒಂದೇ ಸಲ ಗೋಡೆ ಮುಟ್ಟಿದರೆ ಮುಗಿಯಿತು.

"ಇನ್ನೊಂದ ಗೆರಿ ಬಿದ್ರ ನಾ ನೀರಿಗೆ ಕಾಲ ಇಡಾಂವಲ್ಲ," ಅಂದ ಕಾಸೀಮಸಾಬ. "ಇದ ಕಡೀದು, ತಿಳ್ಕೋರಿ."

"ಎರಡು ತಿಂಗಳು ಟೈಮ್ ಅದ. ಕಾಯ್ದೆ ಇನ್ನೊಮ್ಮೆ ಓದಿ ಹೇಳ್ತೀನಿ," ಅಂತ ವಕೀಲರು ಪುಸ್ತಕ ತೆಗೆದರು.

ಆಗ ಗುಲಾಬಬಿ ಒಲೆಯ ಮುಂದಿನಿಂದ ಎದ್ದು ಬಂದಳು. "ವಕೀಲರ, ಕಿವಿಗೆ ಎಷ್ಟ ಕಾಯ್ದೆ ಹೇಳಿದ್ರೂ ಕೈಗೆ ಕೇಳಸಂಗಿಲ್ಲ. ಕೈಗೆ ತಿಳಿಯೂದು ಹೊಟ್ಟಿ ಮಾತ ಅಷ್ಟ. ಇನ್ನ ಎರಡ ತಿಂಗಳ ಇವರನ್ನ ನನಗ ಬಿಡ್ರಿ."

ಮರುದಿನ ಬೆಳಿಗ್ಗೆ ಚಹಾದ ಬಸಿ ಹಿಡಿದು ಬಂದಳು. ಕಾಸೀಮಸಾಬ ಬಲಗೈ ಚಾಚಿದ. ಬಸಿ ಹಿಂದೆ ಸರಿಯಿತು.

"ಎರಡೂ ಕೈ."

"ಏನ ಹುಚ್ಚ ಹಿಡದತೇನು ನಿನಗ? ಬಸಿಗೆ ಎರಡ ಕೈ ಯಾಕ?"

"ಎರಡೂ ಕೈ ಚಾಚಿದ್ರ ಚಹಾ. ಇಲ್ಲಂದ್ರ ಫಕ್ಕೀರಸಾಬನ ಅಂಗಡಿ ಅಲ್ಲೇ ಐತಿ, ಹೋಗ್ರಿ."

ರೊಟ್ಟಿಗೂ ಅದೇ, ನೀರಿನ ತಂಬಿಗೆಗೂ ಅದೇ, ಸಾಬೂನಿಗೂ ಅದೇ. ಮೊದಲ ವಾರ ಅವನು ಕೂಗಾಡಿದ. ಎರಡನೆಯ ವಾರ ಅರ್ಧ ಊಟ ಮಾಡಿ ಎದ್ದ. ಆ ಹೆಣ್ಣುಮಗಳೋ ಕಲ್ಲು. ಇಷ್ಟು ಸಾಲದೆಂದು ಫಕ್ಕೀರಸಾಬನ ಅಂಗಡಿಗೂ ಹೋಗಿ ಹೇಳಿ ಬಂದಿದ್ದಳು. ಅವನೂ ಬೀಡಿಯನ್ನು ಒಂದು ಕೈಗೆ ಕೊಡಲೊಲ್ಲ!

ಮೂರನೆಯ ವಾರ ಕಾಸೀಮಸಾಬನಿಗೆ ನಿಜವಾಗಿಯೇ ಸಿಟ್ಟು ಬಂತು. ಚಾಚಿದ್ದ ಎಡಗೈಯನ್ನು ಹಿಂದಕ್ಕೆ ಎಳೆದುಕೊಂಡು ಅಂದ: "ಸಾಕ ಮಾಡ. ಎರಡೂ ಕೈ ಒಡ್ಡಾವರು ಭಿಕ್ಷಾ ಬೇಡಾವರು. ಹುಟ್ಟಿದಾಗಿಂದ ಯಾರ ಮುಂದೂ ನಾ ಕೈ ಒಡ್ಡಿಲ್ಲ. ಗ್ವಾಡಿ ಮುಂದೂ ಒಡ್ಡೂದಿಲ್ಲ."

ಅಲ್ಲಿಗೆ ಗಂಟು ಎಲ್ಲಿದೆ ಅಂತ ಗುಲಾಬಬಿಗೆ ಗೊತ್ತಾಯಿತು. ರೊಟ್ಟಿಯ ತಾಟು ಕೆಳಗಿಟ್ಟು ಗಂಡನ ಎದುರು ಕೂತಳು.

"ನಮ್ಮ ಮಾಸುಮಬಿ ಮಗಳು ಹಲಗೇರಿ ಬಾವ್ಯಾಗ ಬಿದ್ದದ್ದು ನೆನಪೈತೇನು?"

"ಜಾಹೀದಾ. ಯಾಕ ನೆನಪಿರಂಗಿಲ್ಲ."

"ಬಾವಿ ದಂಡಿ ಮ್ಯಾಲ ನಾನೂ ಇದ್ನಿ. ನೀರಾಗಿಂದ ಒಂದ ಕೈಲೆ ತಂದ್ರಿ, ಖರೇ. ಮ್ಯಾಲ ಬಂದಮ್ಯಾಲ ಅವರವ್ವಗ ಹೆಂಗ ಕೊಟ್ರಿ?"

ಕಾಸೀಮಸಾಬನ ಕೈಗಳು ತಾವಾಗಿಯೇ ಎದ್ದವು. ಎರಡೂ, ಜೊತೆಯಾಗಿ, ಅಂಗೈ ಮೇಲಾಗಿ.

"ನೋಡ್ರಿ. ಬೇಡಾಕಷ್ಟ ಅಲ್ಲ, ಕೊಡಾಕೂ ಎರಡ ಕೈ ಬೇಕು. ದುವಾ ಮಾಡಾಕೂ ಎರಡ ಕೈ ಬೇಕು. ನೀವು ಗ್ವಾಡಿ ಕಡಿಂದ ಏನೂ ಬೇಡಬ್ಯಾಡ್ರಿ. ಒಯ್ದು ಕೊಡ್ರಿ. ಕೂಸಿನ್ನ ಕೊಟ್ಟಂಗ ಕೊಡ್ರಿ."

ಅವತ್ತು ಅವನು ಎರಡೂ ಕೈಯಿಂದ ರೊಟ್ಟಿ ಇಸಕೊಂಡ. ಕಣ್ಣಲ್ಲಿ ನೀರಿತ್ತು. ತಪ್ಪನ್ನು ಖಾರದ ಚಟ್ನಿಯ ಮೇಲೆ ಹಾಕಿದ. ಬ್ಯಾಡಗಿ ಮೆಣಸಿನಕಾಯಿಯದು ಬಣ್ಣವೇ ಹೆಚ್ಚು, ಖಾರ ಅಷ್ಟಕ್ಕಷ್ಟೇ ಅಂತ ಸಣ್ಣ ಮಕ್ಕಳಿಗೂ ಗೊತ್ತು.

ಆಮೇಲೆ ನೋಡಬೇಕಿತ್ತು ತಮಾಷೆ. ಬಸ್ಸಿನಲ್ಲಿ ಟಿಕೀಟು ಕೊಟ್ಟರೆ ಎರಡೂ ಕೈ ಚಾಚುತ್ತಿದ್ದ. ಕಂಡಕ್ಟರು ಇವನು ಹಜ್‌ಗೆ ಹೊರಟವನೆಂದು ತಿಳಿದು ಎದ್ದು ಸೀಟು ಕೊಟ್ಟ. ಗಾದಿಯ ಗಿರಾಕಿಗಳಿಗೆ ಸೂಜಿಯನ್ನೂ ಎರಡು ಕೈಯಲ್ಲಿ ತೋರಿಸುತ್ತಿದ್ದ. ಆದರೂ ಕೊಳದಲ್ಲಿ ಹತ್ತು ಸಲಕ್ಕೆ ಮೂರು ಸಲ ಎಡಗೈ ಹಿಂದೆಯೇ ಉಳಿಯುತ್ತಿತ್ತು. ವಕೀಲರಿಗೆ ನಿದ್ದೆ ಹತ್ತಲಿಲ್ಲ.

ಬೆಂಗಳೂರಿಗೆ ನಾಲ್ವರೂ ಹಗಲಿನ ರೈಲಿನಲ್ಲಿ ಹೋದರು. ವಕೀಲರ ಹೆಂಡತಿ ಅನಸೂಯಾಬಾಯಿ ಶೇಂಗಾ ಹೋಳಿಗೆ ತಂದಿದ್ದರು, ಗುಲಾಬಬಿ ನಲವತ್ತು ಖಡಕ್ ರೊಟ್ಟಿ ಕಟ್ಟಿಕೊಂಡಿದ್ದಳು. ದಾವಣಗೆರೆ ಬರುವಷ್ಟರಲ್ಲಿ ಹೋಳಿಗೆ ಖಾಲಿ.

ಕೊಳದ ಬಳಿ ಹೊಸ ಸಂಕಟ. ಅಲ್ಲಿ ಎಲ್ಲರೂ ಹಾಕಿದ್ದ ಚಡ್ಡಿ ನೋಡಿ ಕಾಸೀಮಸಾಬ ಕಣ್ಣು ಮುಚ್ಚಿಕೊಂಡ. ಅಂಗೈಯಗಲ ಬಟ್ಟೆ! ಗುಲಾಬಬಿ ಮೊದಲೇ ಇದನ್ನೆಲ್ಲ ವಿಚಾರಿಸಿ, ಮೊಣಕಾಲ ಮೇಲಿನತನಕ ಬರುವ ಒಂದು ಚಡ್ಡಿ ಹೊಲಿದು ತಂದಿದ್ದಳು. ಗಾದಿಯ ಬಟ್ಟೆಯದು, ನೀಲಿ-ಬಿಳಿ ಪಟ್ಟೆಯದು. ಅದನ್ನು ಹಾಕಿಕೊಂಡು ಅವನು ಹೊರಬಂದಾಗ ಜಪಾನಿನ ಮುದುಕನೊಬ್ಬ ಬಗ್ಗಿ ನಮಸ್ಕಾರ ಮಾಡಿ ಬಟ್ಟೆ ಮುಟ್ಟಿ ನೋಡಿದ, ಬಹಳ ಮೆಚ್ಚಿಕೊಂಡ.

"ಇಂಥಾ ಎಮ್ಮಿಯಂಥಾ ಪಾತರಗಿತ್ತಿ ನಾ ಎಲ್ಲೂ ನೋಡಿಲ್ಲ ಬಿಡ್ರಿ," ಅಂದಳು ಗುಲಾಬಬಿ. ನಗುತ್ತಲೇ ಅಂದಳು. ಕೈ ಮಾತ್ರ ಸೆರಗನ್ನು ಹಿಂಡುತ್ತಿತ್ತು.

ಎಂಟು ದಾರಿಗಳು. ಐದನೆಯದರಲ್ಲಿ ಶ್ರೀನಿವಾಸರಾವ್, ಆರನೆಯದರಲ್ಲಿ ಕಾಸೀಮಸಾಬ. ಸಾಲಿನಲ್ಲಿ ಕೂತಾಗ ವಕೀಲರ ಬಾಯಿ ನಿಲ್ಲಲೊಲ್ಲದು. "ಎರಡೂ ಕೈ, ನೆನಪದ ಅಲ್ಲ? ಒಟ್ಟಿಗೆ, ನೆನಪದ ಅಲ್ಲ? ಕಡೀ ಐದು ಮೀಟರಿಗೆ..."

"ವಕೀಲರ," ಅಂದ ಕಾಸೀಮಸಾಬ, "ನನ್ನ ಕೈ ನಾ ನೋಡ್ಕೋತೇನಿ. ನೀವು ನಿಮ್ಮ ಕೈ ನೋಡ್ಕೋರಿ."

ಇಬ್ಬರೂ ಎತ್ತರದ ಕಟ್ಟೆ ಹತ್ತಿ ನಿಂತರು. ಕೊಳ ಊರ ಕೆರೆಯಷ್ಟು ಉದ್ದ ಕಂಡಿತು. ಆಚೆ ಗೋಡೆಯ ಮೇಲಿನ ಗ್ಯಾಲರಿಯಲ್ಲಿ ಗುಲಾಬಬಿಯ ಹಸಿರು ಸೀರೆ. ಢಂ ಅಂತು ಪಿಸ್ತೂಲು.

ಕಾಸೀಮಸಾಬ ತಲೆ ಮುಂದಾಗಿಯೇ ಬಿದ್ದ. ನೀರೊಳಗೆ ಕಾಲು ಕೂಡಿಸಿ ಒದ್ದ. ಎದ್ದು ತೋಳು ಬೀಸಿದ. ಮೊದಲ ಬೀಸಿಗೇ ಮೂವತ್ತು ವರ್ಷದ ಹತ್ತಿ ಬಡಿತ ಹೆಗಲಿಗೆ ಬಂತು. ಎರಡನೆಯದು, ಮೂರನೆಯದು. ಬಾವಿಯಲ್ಲಿ ಇಷ್ಟೊತ್ತಿಗೆ ಕಲ್ಲು ಬಂದುಬಿಡುತ್ತಿತ್ತು. ಇಲ್ಲಿ ಬರುತ್ತಲೇ ಇಲ್ಲ. ನಡುಗೊಳಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿತು. ಎಡಕ್ಕೆ ಇಬ್ಬರು ಮುಂದೆ ಹೋದರು, ಬಲಕ್ಕೆ ಒಬ್ಬ ಹೋದ. ಹೋಗಲಿ. ಅವನಿಗೆ ಬೇಕಾದದ್ದು ಅವರಲ್ಲ, ಗೋಡೆ. ಒಂದೊಂದು ಸಲ ತಲೆ ಎತ್ತಿದಾಗಲೂ ಗೋಡೆ ಒಂದಿಷ್ಟು ದೊಡ್ಡದಾಗಿ ಕಾಣಿಸಿತು. ಹತ್ತು ಮಾರು ಉಳಿಯಿತು, ಐದು ಮಾರು ಉಳಿಯಿತು. ಆಗ ಎಡಗೈ ತನ್ನ ಹಳೆಯ ಕೆಲಸ ನೆನೆಸಿಕೊಂಡಿತು. ಬೆರಳು ಮಡಚತೊಡಗಿದವು. ಹಿಡಿ, ಬಿಡಬೇಡ, ಹಿಂದೆ ಉಳಿ.

ಬಿಡಬ್ಯಾಡ, ಅಂದ ಕಾಸೀಮಸಾಬ ಮನಸ್ಸಿನಲ್ಲೇ ತನ್ನ ಕೈಗೆ. ಹಿಡದದ್ದನ್ನ ಬಿಡಬ್ಯಾಡ. ಇಲ್ಲಿಗೆ ತಂದಿ, ಇನ್ನ ಕೊಡ. ಕೂಸಿನ್ನ ಕೊಟ್ಟಂಗ ಕೊಡ.

ಎಡಗೈ ನೀರಿನಿಂದ ಮೇಲೆದ್ದಿತು. ಬಲಗೈಯ ಜೊತೆಗೇ ಬೀಸಿ ಬಂತು. ಎರಡೂ ಅಂಗೈ ಒಂದೇ ಸಲ ಗೋಡೆಗೆ ಬಡಿದವು.

ಅವನು ಹಲಗೆ ನೋಡಲಿಲ್ಲ, ಎಷ್ಟನೆಯವನೆಂದು ಕೇಳಲಿಲ್ಲ. ತಲೆ ಎತ್ತಿ ತೀರ್ಪುಗಾರರನ್ನೇ ನೋಡಿದ. ಮೇಲೆ ನಿಂತಿದ್ದ ಬಿಳಿ ಅಂಗಿಯವರಲ್ಲಿ ಒಬ್ಬಾತ ಮೆಲ್ಲಗೆ ಕೈ ಎತ್ತಿದ. ಐದು, ಆರನೆಯ ದಾರಿಗಳ ನಡುವೆ ನಿಂತಿದ್ದವನು. ಕೈ ಎತ್ತಿದನೆಂದರೆ ಯಾರದೋ ತಪ್ಪು ಸಿಕ್ಕಿತೆಂದೇ ಅರ್ಥ. ಎರಡೂ ಕೈ ಮುಟ್ಟಿದ್ದು ಕಾಸೀಮಸಾಬನ ಅಂಗೈಗೇ ಗೊತ್ತಿತ್ತು, ಇನ್ನೂ ಉರಿಯುತ್ತಿದ್ದವು. ಆದರೂ ಕೈ ಎತ್ತಿದ್ದಾನಲ್ಲ! ನೀರಿನಿಂದ ಹತ್ತಿದವನೇ ಫಲಿತಾಂಶ ಹಚ್ಚುವ ಗೋಡೆಯ ಕಡೆ ನಡೆದ.

ಫಲಿತಾಂಶದ ಕಾಗದವನ್ನು ಗೋಡೆಗೆ ಅಂಟಿಸಿದರು. ಎಲ್ಲ ಇಂಗ್ಲಿಷು. ಆ ಅಕ್ಷರ ಅವನಿಗೆ ಬಾರದು, ಬಸ್ಸಿನ ನಂಬರಿನ ಅಂಕಿ ಬರುತ್ತಿದ್ದವು. ಏಳು ಹೆಸರುಗಳ ಮುಂದೆ ಅಂಕಿ ಇದ್ದವು. ಎಲ್ಲಕ್ಕೂ ಕೆಳಗೆ, ಎಂಟನೆಯ ಹೆಸರಿನ ಮುಂದೆ, ಒಂದು ಗೆರೆ.

ಕಾಸೀಮಸಾಬ ಆ ಗೆರೆಯನ್ನೇ ನೋಡುತ್ತ ನಿಂತ. ಹಿಂದಿನಿಂದ ವಕೀಲರು ಟವೆಲು ಹೊದ್ದು ಓಡಿ ಬಂದರು.

"ವಕೀಲರ," ಅಂದ ಬೆರಳು ತೋರಿಸಿ, "ಆ ಗೆರಿ ನಂದ ಏನ್ರಿ?"

ವಕೀಲರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಮುಖ ಕೆಂಪಾಯಿತು, ಹೊಟ್ಟೆ ಅಲುಗಾಡತೊಡಗಿತು, ಟವೆಲು ಜಾರಿ ಬಿತ್ತು. ಅಲ್ಲೇ ಗೋಡೆಗೆ ಆತುಕೊಂಡು ಬಿದ್ದು ಬಿದ್ದು ನಕ್ಕರು.

"ಇಲ್ಲೋ ಮಾರಾಯಾ! ಗೆರಿ ನಂದು! ನೀ ನಾಕನೇದವ. ಮೂವತ್ತೇಳು ಸೆಕೆಂಡು, ಮ್ಯಾಲ ನಾಕು. ಇಲ್ನೋಡು, ಎಂ. ಆರ್. ಕಾಸೀಮಸಾಬ, ರಾಣೆಬೆನ್ನೂರು. ಅಂಕಿ ಅದನೋ, ಅಂಕಿ!"

"ನಿಮಗ್ಯಾಕ ಗೆರಿ?"

"ಕಡೀ ಬೀಸಿನಾಗ ನಿನ್ನ ಎಡಗೈ ಬಂತೋ ಇಲ್ಲೋ ಅಂತ ಹೊಳ್ಳಿ ನೋಡಿದೆ. ಹೆಗಲು ಓರೆ ಆತು, ನನ್ನ ಒಂದು ಕೈ ಮೊದಲು ಬಡೀತು!"

ಅಷ್ಟರಲ್ಲಿ ಹೆಂಗಸರು ಇಬ್ಬರೂ ಗ್ಯಾಲರಿಯಿಂದ ಇಳಿದು ಬಂದರು. ಅನಸೂಯಾಬಾಯಿ ಸಂಗತಿ ಕೇಳಿ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಎರಡು ವರ್ಷ ಮಂದಿಗೆ ಕಾಯ್ದೆ ಕಲಿಸಿದ್ರಿ. ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ."

"ತಿಂದೆ, ತಿಂದೆ," ಅಂದರು ವಕೀಲರು ಕಣ್ಣೊರೆಸಿಕೊಳ್ಳುತ್ತ. "ಊರಿಗೆ ಹೋದ ಕೂಡಲೇ ಆ ಕಪ್ಪು ಇವನ ಅಂಗಡಿಗೆ. ಇನ್ನ ಯಾವ ಪಂಚರೂ ಅಡ್ಡ ಬರಂಗಿಲ್ಲ."

ಕಾಸೀಮಸಾಬ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಗುಲಾಬಬಿಯ ಬೆರಳು ಹಿಡಿದು ಕಾಗದದ ಮೇಲೆ ಇಟ್ಟಿದ್ದ. ಅಂಕಿಯೂ ಬಾರದ ಗುಲಾಬಬಿ ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

"ಇದ ಏನ್ ಬರದೈತ್ರಿ?"

"ನಾ ಜೀವಂತ ಅದೇನಿ ಅಂತ ಬರದಾರ," ಅಂದ ಕಾಸೀಮಸಾಬ. ಗಡ್ಡದ ತುಂಬ ನೀರಿತ್ತು. ಕೊಳದ್ದು ಯಾವುದು ಕಣ್ಣಿನದು ಯಾವುದು ಗೊತ್ತಾಗುವಂತಿರಲಿಲ್ಲ, ಈ ಸಲ ತಪ್ಪನ್ನು ಚಟ್ನಿಯ ಮೇಲೂ ಹಾಕಲಿಲ್ಲ.

ಗುಲಾಬಬಿ ಸೆರಗಿನಿಂದ ಅವನ ಮುಖ ಒರೆಸಿದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿದಳು. ಖಡಕ್ ರೊಟ್ಟಿ ಮುರಿದು, ಮೇಲೆ ಕೆಂಪು ಚಟ್ನಿ ಇಟ್ಟು ಗಂಡನ ಕಡೆ ಚಾಚಿದಳು. ಅವನು ಹೇಳಿಸಿಕೊಳ್ಳದೆಯೇ ಎರಡೂ ಕೈ ಒಡ್ಡಿ ತೆಗೆದುಕೊಂಡ. ವಕೀಲರೂ ಹಸಿದಿದ್ದರು, ಲಗುಬಗೆಯಿಂದ ಬಲಗೈ ಚಾಚಿದರು.

ರೊಟ್ಟಿ ಹಿಂದೆ ಸರಿಯಿತು.

"ಎರಡೂ ಕೈ, ವಕೀಲರ," ಅಂದಳು ಗುಲಾಬಬಿ. "ನಿಮಗ ಇವತ್ತಿಂದ ಎರಡ ತಿಂಗಳ."